ಕೇಳಿಸಿಯೂ ಕೇಳದ ಮಾತು

ವಿಮಾನದ ಕಾಕ್‌ಪಿಟ್‌ನಲ್ಲಿ ಕೂತವರು ತಮ್ಮತಮ್ಮೊಳಗೆ ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಬಹುಕಾಲ ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. ವಿಮಾನ ಬಿದ್ದರೆ ಲೋಹದ ಚೂರುಗಳು ಸಿಗುತ್ತಿದ್ದವು, ಮಾತು ಆಡಿದವರ ಜೊತೆಗೇ ಹೋಗುತ್ತಿತ್ತು. ಮೆಲ್ಬರ್ನ್‌ನ ವಿಜ್ಞಾನಿ ಡೇವಿಡ್ ವಾರೆನ್ 1950ರ ದಶಕದಲ್ಲಿ ಕಾಕ್‌ಪಿಟ್‌ನ ದನಿಯನ್ನು ಹಿಡಿದಿಡುವ ಯಂತ್ರದ ಮಾದರಿಯೊಂದನ್ನು ಕಟ್ಟಿದರು. ಅವರ ತಂದೆ 1934ರಲ್ಲಿ ಬಾಸ್ ಜಲಸಂಧಿಯ ಮೇಲೆ ಕಾಣೆಯಾದ ವಿಮಾನದಲ್ಲಿ ತೀರಿಕೊಂಡಿದ್ದರು. ನಮ್ಮ ಮಾತನ್ನು ಕದ್ದು ಕೇಳುವ ಯಂತ್ರ ಬೇಡವೆಂದು ಅಲ್ಲಿನ ಪೈಲಟ್‌ಗಳು ತಕರಾರು ಮಾಡಿದರು. ಆದರೂ 1960ರ ದಶಕದಲ್ಲಿ ಆಸ್ಟ್ರೇಲಿಯಾ, ಅಮೆರಿಕ ಮೊದಲಾದ ದೇಶಗಳು ಅದನ್ನು ಕಡ್ಡಾಯ ಮಾಡಿದವು. ಆಮೇಲೆ ತನಿಖಾಧಿಕಾರಿಗಳ ಕಿವಿಗೆ ಬೀಳತೊಡಗಿದ್ದು ಅವರು ಎದುರುನೋಡಿರದ ಸಂಗತಿ. ಎಷ್ಟೋ ಅಪಘಾತಗಳಲ್ಲಿ, ಆಗಲಿರುವ ಅನಾಹುತದ ಸುಳಿವು ಕಾಕ್‌ಪಿಟ್‌ನಲ್ಲಿದ್ದ ಒಬ್ಬರಿಗೆ ಮೊದಲೇ ಸಿಕ್ಕಿತ್ತು. ಆತ ಬಾಯಿಬಿಟ್ಟು ಹೇಳಿಯೂ ಇದ್ದ. ಹೇಳಿದ ಮಾತು ಪಕ್ಕದ ಸೀಟಿನವರೆಗೆ ಹೋಗಿ ಅಲ್ಲೇ ಸತ್ತಿತ್ತು.

ಇವತ್ತು ವಿಮಾನ, ಹಡಗು, ಆಪರೇಷನ್ ಥಿಯೇಟರುಗಳಲ್ಲಿ ದುಡಿಯುವವರಿಗೆ ಕೊಡುವ ಸುರಕ್ಷತಾ ತರಬೇತಿಯ ಒಂದು ದೊಡ್ಡ ಪಾಲು ಈ ಟೇಪುಗಳಿಂದ ಹುಟ್ಟಿದ್ದು. ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಸಿ.ಆರ್.ಎಂ., ಎಂದು ಅದರ ಹೆಸರು. ಹೆಸರು ಒಣಗಿದಂತಿದೆ. ಒಳಗಿರುವ ಕತೆ ಹಾಗಿಲ್ಲ.

1978ರ ಡಿಸೆಂಬರ್ 28ರ ಸಂಜೆ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನವೊಂದು ಡೆನ್ವರ್‌ನಿಂದ ಹೊರಟು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರಕ್ಕೆ ಬಂದಿತ್ತು. ಒಳಗೆ 189 ಜನ. ಇಳಿಯಲೆಂದು ಚಕ್ರಗಳನ್ನು ಕೆಳಗೆ ಬಿಟ್ಟಾಗ ದಡ್ಡೆಂದು ಸದ್ದಾಗಿ ವಿಮಾನ ಒಂದು ಕಡೆಗೆ ಎಳೆದಂತಾಯಿತು. ಚಕ್ರ ಸರಿಯಾಗಿ ಕೂತಿದೆ ಎಂದು ತೋರಿಸುವ ಹಸಿರು ದೀಪಗಳ ಸೂಚನೆ ಪೂರ್ತಿ ಸಿಗಲಿಲ್ಲ. ಕ್ಯಾಪ್ಟನ್ ದಶಕಗಳ ಅನುಭವಿ. ಇಳಿಸುವ ಮುನ್ನ ಎಲ್ಲವನ್ನೂ ಸರಿಯಾಗಿ ನೋಡಿಬಿಡೋಣ ಎಂದು ನಗರದ ಆಗ್ನೇಯಕ್ಕೆ ಆಕಾಶದಲ್ಲಿ ಸುತ್ತತೊಡಗಿದರು. ಚಕ್ರದ ಪರೀಕ್ಷೆ ನಡೆಯಿತು. ತುರ್ತು ಇಳಿಯುವಿಕೆಗೆ ಪ್ರಯಾಣಿಕರನ್ನು ಅಣಿಮಾಡುವ ಕೆಲಸ ಸಾವಕಾಶವಾಗಿ, ಜಾಗ್ರತೆಯಿಂದ ನಡೆಯಿತು. ಹೀಗೇ ಹೆಚ್ಚುಕಡಿಮೆ ಒಂದು ಗಂಟೆ ಕಳೆಯಿತು.

ಆ ಒಂದು ಗಂಟೆಯಲ್ಲಿ ಇಂಧನದ ಮಾತು ಬರಲಿಲ್ಲವೆಂದಲ್ಲ. ಬಂತು, ಒಂದಲ್ಲ ಹಲವು ಸಲ ಬಂತು. ಎಷ್ಟು ಉಳಿದಿದೆ ಎಂದು ಸಹ ಪೈಲಟ್ ಕೇಳಿದರು. ಇನ್ನು 15 ನಿಮಿಷ ಸುತ್ತಿದರೆ ಇಂಧನ ತೀರಾ ಕಡಿಮೆಯಾಗುತ್ತದೆ ಎಂದು ಹಿಂದೆ ಕೂತ ಫ್ಲೈಟ್ ಎಂಜಿನಿಯರ್ ಹೇಳಿದರು. ಆದರೆ ಈಗಲೇ ಇಳಿಸಬೇಕು, ಇಲ್ಲವಾದರೆ ಬೀಳುತ್ತೇವೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಕ್ಯಾಪ್ಟನ್‌ನ ಮನಸ್ಸೆಲ್ಲ ಚಕ್ರದ ಮೇಲೆ. ಮೊದಲ ಎಂಜಿನ್ ನಿಂತಾಗ ಅವರು ಕೇಳಿದ್ದು, ಯಾಕೆ ನಿಂತಿತು ಎಂದು. ಇಂಧನ ಎಂಬ ಉತ್ತರ ಬಂತು. ನಾಲ್ಕೂ ಎಂಜಿನ್ ಆರಿಹೋಗಿ ವಿಮಾನ ರನ್‌ವೇಯಿಂದ ಕೆಲವೇ ಮೈಲಿ ದೂರದಲ್ಲಿ ಮನೆ, ಮರಗಳ ನಡುವೆ ಬಿತ್ತು. ಸುಡಲು ಇಂಧನವೇ ಉಳಿದಿರದ ಕಾರಣ ಬೆಂಕಿ ಹತ್ತಲಿಲ್ಲ. ಸತ್ತವರು 10 ಜನ, ಅವರಲ್ಲಿ ಆ ಫ್ಲೈಟ್ ಎಂಜಿನಿಯರ್ ಒಬ್ಬರು. ತನಿಖೆಯಲ್ಲಿ ತಿಳಿದದ್ದು ಇನ್ನೂ ಕರುಳು ಹಿಂಡುವಂಥದ್ದು. ತುಕ್ಕು ಹಿಡಿದ ಒಂದು ದಂಡ ಮುರಿದು ಚಕ್ರ ರಭಸದಿಂದ ಕೆಳಗೆ ಬಿದ್ದಿತ್ತು, ಅಷ್ಟೇ. ಬಿದ್ದ ಚಕ್ರ ತನ್ನ ಜಾಗದಲ್ಲಿ ಭದ್ರವಾಗಿಯೇ ಕೂತಿತ್ತು.

ಇಂಥ ಅಪಘಾತ ಅದೇ ಮೊದಲನೆಯದಲ್ಲ. 1972ರ ಡಿಸೆಂಬರಿನಲ್ಲಿ ಮಯಾಮಿಯ ಬಳಿ ಒಂದು ಲಾಕ್‌ಹೀಡ್ ವಿಮಾನದ ಸಿಬ್ಬಂದಿಯೆಲ್ಲ ಸುಟ್ಟುಹೋದ ಒಂದು ಬಲ್ಬಿನ ಚಿಂತೆಯಲ್ಲಿ ಮುಳುಗಿದ್ದಾಗ ವಿಮಾನ ಮೆಲ್ಲಗೆ ಇಳಿಯುತ್ತ ಜೌಗುಭೂಮಿಗೆ ಅಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. 1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ಟೆನೆರೀಫ್‌ನಲ್ಲಿ, ಮಂಜು ಕವಿದ ರನ್‌ವೇ ಮೇಲೆ ಎರಡು ಬೋಯಿಂಗ್ 747ಗಳು ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿ ಅನುಮತಿ ಸಿಗುವ ಮುನ್ನವೇ ಓಟ ಶುರುಮಾಡಿದ ಡಚ್ ವಿಮಾನದ ಕ್ಯಾಪ್ಟನ್ ಸಾಮಾನ್ಯರಲ್ಲ. ಆ ಕಂಪನಿಯ 747 ತರಬೇತಿಯ ಮುಖ್ಯಸ್ಥರು, ಕಂಪನಿಯ ಜಾಹೀರಾತಿನಲ್ಲಿ ಚಿತ್ರ ಅಚ್ಚಾದವರು. ಪಕ್ಕದಲ್ಲಿದ್ದ ಸಹ ಪೈಲಟ್‌ಗೆ 747 ಹಾರಿಸುವ ಅರ್ಹತೆ ಕೊಟ್ಟವರೂ ಅವರೇ. ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ್ದು ಟೇಪಿನಲ್ಲಿದೆ. ಬಿಟ್ಟಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದ್ದೂ ಇದೆ. ಎಂಜಿನಿಯರ್ ಮತ್ತೆ ಕೇಳಲಿಲ್ಲ.

ಪೋರ್ಟ್‌ಲ್ಯಾಂಡ್ ಅಪಘಾತದ ತನಿಖೆಗೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಕಳಿಸಿದವರಲ್ಲಿ ಆಲನ್ ಡೀಲ್ ಎಂಬ ಮನಶ್ಶಾಸ್ತ್ರಜ್ಞರೂ ಇದ್ದರು. ಪೈಲಟ್‌ನ ತಪ್ಪು ಎಂದು ಬರೆದು ಕಡತ ಮುಚ್ಚುವುದು ಆ ಕಾಲದಲ್ಲಿ ಸುಲಭವಿತ್ತು. ಮೂವರು ನುರಿತ ಮನುಷ್ಯರು, ಮೂವರಿಗೂ ಇಂಧನದ ಮುಳ್ಳು ಕಾಣುತ್ತಿತ್ತು. ಹಾಗಿದ್ದೂ ಹೀಗೇಕಾಯಿತು ಎಂಬ ಪ್ರಶ್ನೆಯನ್ನು ಡೀಲ್ ಬಿಡಲಿಲ್ಲ. 1979ರ ಜೂನ್‌ನಲ್ಲಿ ಬಂದ ವರದಿಯಲ್ಲಿ ಎರಡು ಬೇಡಿಕೆಗಳಿದ್ದವು. ಸಹೋದ್ಯೋಗಿಗಳನ್ನು ಜೊತೆಗೂಡಿಸಿಕೊಂಡು ತೀರ್ಮಾನ ಮಾಡುವುದನ್ನು ಕ್ಯಾಪ್ಟನ್‌ಗಳಿಗೆ ಕಲಿಸಬೇಕು. ಕಂಡದ್ದನ್ನು ಗಟ್ಟಿಯಾಗಿ ಹೇಳುವುದನ್ನು ಉಳಿದವರಿಗೆ ಕಲಿಸಬೇಕು. ವಾಕ್ಯಗಳು ಸಾದಾ ಇವೆ, ಆದರೆ ಅವುಗಳ ಹಿಂದಿನ ನಂಬಿಕೆ ಅಂದಿಗೆ ಹೊಸದು. ದೊಡ್ಡವರ ಎದುರು ಬಾಯಿಬಿಡುವ ಧೈರ್ಯ ಹುಟ್ಟಿನಿಂದ ಬರುವ ಗುಣ, ಇದ್ದವರಿಗೆ ಇರುತ್ತದೆ, ಇಲ್ಲದವರಿಗೆ ಇಲ್ಲ ಎಂದೇ ಎಲ್ಲರೂ ತಿಳಿದಿದ್ದರು. ವಿಮಾನ ಇಳಿಸುವುದನ್ನು ಕಲಿಸುವಂತೆ ಅದನ್ನೂ ಪಾಠ ಮಾಡಿ, ಅಭ್ಯಾಸ ಮಾಡಿಸಿ, ಪರೀಕ್ಷಿಸಬಹುದು ಎಂದು ಆ ವರದಿ ಹೇಳಿತು. ನನಗೆ ಇಡೀ ಕತೆಯ ನಿಜವಾದ ಆವಿಷ್ಕಾರ ಇದೇ ಅನಿಸುತ್ತದೆ.

ಅದೇ ತಿಂಗಳ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾಸಾ ಒಂದು ಕಾರ್ಯಾಗಾರ ಕರೆಯಿತು. ನಾಸಾದ ಏಮ್ಸ್ ಕೇಂದ್ರದಲ್ಲಿ ಕೆಲವರು ಇದೇ ಗಂಟನ್ನು ಬೇರೆ ತುದಿಯಿಂದ ಬಿಚ್ಚುತ್ತಿದ್ದರು. ಜಾನ್ ಲಾಬರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಜೊತೆಗಾರರೊಡನೆ ಪೈಲಟ್‌ಗಳನ್ನು ಕೂರಿಸಿಕೊಂಡು ಮಾತಾಡಿಸಿದ್ದರು. ಯಂತ್ರ ನಡೆಸುವುದನ್ನು ಚೆನ್ನಾಗಿ ಕಲಿಸಿದ್ದಾರೆ, ಜನರನ್ನು ನಡೆಸುವುದನ್ನು ಯಾರೂ ಕಲಿಸಿಲ್ಲ ಎಂಬ ಮಾತು ಅವರಿಗೆ ಮತ್ತೆಮತ್ತೆ ಕೇಳಿಬಂತು. ರಫಲ್ ಸ್ಮಿತ್ ಎಂಬ ಬ್ರಿಟಿಷ್ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 747ರ ಸಿಮ್ಯುಲೇಟರ್‌ನಲ್ಲಿ ನಿಜವಾದ ವಿಮಾನ ಸಿಬ್ಬಂದಿಯನ್ನು ಕೂರಿಸಿ ಅಟ್ಲಾಂಟಿಕ್ ದಾಟಲು ಹೊರಡಿಸಿದರು. ದಾರಿಯಲ್ಲಿ ಒಂದು ಎಂಜಿನ್‌ನ ಎಣ್ಣೆಯ ಒತ್ತಡ ಕುಸಿಯುತ್ತದೆ. ಹಿಂದಿರುಗಬೇಕು, ಇಂಧನ ಹೊರಚೆಲ್ಲಿ ಭಾರ ಇಳಿಸಬೇಕು, ಹವೆ ಕೆಟ್ಟಿದೆ, ಹೈಡ್ರಾಲಿಕ್ ವ್ಯವಸ್ಥೆಯೂ ಕೈಕೊಡುತ್ತದೆ. ಇಷ್ಟರ ನಡುವೆ, ಸರಿಯಾಗಿ ಬೇಡದ ಹೊತ್ತಿನಲ್ಲೇ ಕ್ಯಾಬಿನ್ ಸಿಬ್ಬಂದಿಯೊಬ್ಬರು ಏನಾದರೊಂದು ಕೇಳಲು ಬರುತ್ತಾರೆ. ಪ್ರಯೋಗದಲ್ಲಿ ಅವರ ಪಾತ್ರವೇ ಅದು.

ತಪ್ಪುಗಳ ಲೆಕ್ಕ ತಂಡದಿಂದ ತಂಡಕ್ಕೆ ಬಹಳ ಬೇರೆಯಾಗಿತ್ತು. ಕೈಚಳಕದಲ್ಲಿ ಅವರ ನಡುವೆ ಅಂಥ ಅಂತರವೇನೂ ಇರಲಿಲ್ಲ. ಕೆಲಸ ಹಂಚಿಕೊಂಡ, ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ತಲುಪಿದ ಕಡೆ ಭಾರದ ಲೆಕ್ಕ ಸರಿಬಂತು. ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡ ಕಡೆ, ಮಾತು ಅರ್ಧಕ್ಕೆ ತುಂಡಾದ ಕಡೆ ತಪ್ಪಿತು. ಬ್ರಿಟನ್ನಿನ ಎಲ್ವಿನ್ ಎಡ್ವರ್ಡ್ಸ್ ಎಂಬ ವಿದ್ವಾಂಸರು ಇದನ್ನೇ ಅಧಿಕಾರದ ಇಳಿಜಾರು ಎಂದು ವಿವರಿಸಿದ್ದರು. ಇಳಿಜಾರು ಕಡಿದಾದರೆ ಕೆಳಗಿನ ಮಾತು ಮೇಲೆ ಹತ್ತುವುದಿಲ್ಲ. ಪೂರಾ ಸಮತಟ್ಟಾದರೆ ತೀರ್ಮಾನ ಯಾರದ್ದೆಂಬುದೇ ತಿಳಿಯುವುದಿಲ್ಲ.

ಸಂಶೋಧನೆ ಪಾಠವಾಗುವ ಹೊತ್ತಿಗೆ ಬೇರೆಯದೇ ತೊಡಕುಗಳು ಎದುರಾದವು. ಪೋರ್ಟ್‌ಲ್ಯಾಂಡ್‌ನಲ್ಲಿ ವಿಮಾನ ಕಳೆದುಕೊಂಡ ಯುನೈಟೆಡ್ ಕಂಪನಿಯೇ 1981ರಲ್ಲಿ ಮೊದಲ ಪೂರ್ಣ ಕಾರ್ಯಕ್ರಮ ಶುರುಮಾಡಿತು. ಕಂಪನಿಗಳ ವ್ಯವಸ್ಥಾಪಕರಿಗೆಂದು ರಾಬರ್ಟ್ ಬ್ಲೇಕ್ ಮತ್ತು ಜೇನ್ ಮೌಟನ್ ರೂಪಿಸಿದ್ದ ತರಬೇತಿಯನ್ನು ಅದು ಎರವಲು ತಂದಿತು. ಪೈಲಟ್‌ಗಳು ಕೆಲವು ದಿನ ಒಂದೆಡೆ ಕೂತು, ತಾನು ಎಂಥ ನಾಯಕ ಎಂದು ಬರೆದುಕೊಳ್ಳಬೇಕು. ಜೊತೆಯವರು ಅದಕ್ಕೆ ತಮ್ಮ ಅಭಿಪ್ರಾಯ ಹೇಳುತ್ತಾರೆ. ಎಷ್ಟೋ ಹಿರಿಯ ಕ್ಯಾಪ್ಟನ್‌ಗಳು ಸಿಡಿದೆದ್ದರು. ನಯವಿನಯ ಕಲಿಸುವ ಶಾಲೆ ಎಂದು ಹಂಗಿಸಿದರು. ಅವರ ಸಿಟ್ಟಿಗೆ ಒಂದಷ್ಟು ಕಾರಣವೂ ಇತ್ತು. ಆರಂಭದ ಪಾಠಗಳಲ್ಲಿ ಮನಶ್ಶಾಸ್ತ್ರದ ಪದಗಳು ಹೆಚ್ಚು, ವಿಮಾನ ಕಡಿಮೆ. ನಿಮ್ಮ ಸ್ವಭಾವ ತಿದ್ದಿಕೊಳ್ಳಿ ಎಂದರೆ ಐವತ್ತು ದಾಟಿದ ಯಾವ ಕೆಲಸಗಾರ ಒಪ್ಪುತ್ತಾನೆ? ಈ ಹೊತ್ತು, ಈ ಎತ್ತರದಲ್ಲಿ, ಈ ಮಾತನ್ನು ಹೀಗೆ ಹೇಳಿ ಎಂದರೆ ಕಲಿಯುತ್ತಾನೆ. ಈ ವ್ಯತ್ಯಾಸ ತರಬೇತಿ ಕೊಡುವವರಿಗೆ ಅರಿವಾಗಲು ಕೆಲವು ವರ್ಷಗಳೇ ಬೇಕಾದವು.

ನೆರವಾದದ್ದು ಸಿಮ್ಯುಲೇಟರ್. ಅದುವರೆಗೆ ಅಲ್ಲಿ ಒಬ್ಬೊಬ್ಬ ಪೈಲಟ್‌ನ ಕೈಚಳಕವನ್ನು ಬಿಡಿಬಿಡಿಯಾಗಿ ಪರೀಕ್ಷಿಸುವುದು ವಾಡಿಕೆ. ಹೊಸ ಕ್ರಮದಲ್ಲಿ ಇಡೀ ತಂಡ ಒಂದು ಪೂರ್ಣ ಪ್ರಯಾಣವನ್ನು ಹೊರಡುವುದರಿಂದ ಇಳಿಯುವವರೆಗೆ ಮಾಡಬೇಕು. ಬೋಧಕ ನಡುವೆ ಬಾಯಿ ಹಾಕುವಂತಿಲ್ಲ, ತಪ್ಪಾದರೆ ಅದರ ಫಲವನ್ನೂ ಅವರೇ ಉಣ್ಣಬೇಕು. ಎಲ್ಲವನ್ನೂ ವಿಡಿಯೊದಲ್ಲಿ ಹಿಡಿದು, ಮುಗಿದ ಮೇಲೆ ತಂಡದವರೇ ನೋಡುತ್ತಾರೆ. ಮುಳ್ಳು ಇಳಿದದ್ದನ್ನು ತನ್ನ ಸಹ ಪೈಲಟ್ ಮೆಲುದನಿಯಲ್ಲಿ ಹೇಳಿದ್ದು, ತಾನು ತಲೆಯೂ ಎತ್ತದೆ ಹೂಂಗುಟ್ಟಿದ್ದು ಕ್ಯಾಪ್ಟನ್‌ಗೆ ಪರದೆಯ ಮೇಲೆ ಕಾಣುತ್ತದೆ. ಆಮೇಲೆ ಆ ವಿಡಿಯೊ ಅಳಿಸಿಹಾಕುತ್ತಾರೆ. ಅಳಿಸುವುದು ಬಹಳ ಮುಖ್ಯ. ದಾಖಲೆ ಬಡ್ತಿಗೆ ಕುತ್ತಾಗುವುದಿಲ್ಲ ಎಂಬ ಭರವಸೆ ಇದ್ದಾಗಷ್ಟೇ ಮನುಷ್ಯ ತನ್ನ ತಪ್ಪನ್ನು ಕಣ್ಣಿಟ್ಟು ನೋಡುತ್ತಾನೆ. ಟೆಕ್ಸಸ್ ವಿಶ್ವವಿದ್ಯಾಲಯದ ರಾಬರ್ಟ್ ಹೆಲ್ಮ್‌ರೈಕ್ ಈ ತರಬೇತಿಯನ್ನು ದಶಕಗಳ ಕಾಲ ಅಳೆದು ನೋಡಿದವರು. ಒಮ್ಮೆ ಪಾಠ ಮಾಡಿ ಕೈತೊಳೆದುಕೊಂಡರೆ ಕಲಿತದ್ದು ಸವೆದುಹೋಗುತ್ತದೆ, ಮತ್ತೆಮತ್ತೆ ಅಭ್ಯಾಸ ಮಾಡಿಸಬೇಕು ಎಂದು ಅವರು ಕಂಡರು. ಏನು ಮಾಡಿದರೂ ಒಪ್ಪದ ಒಂದು ಸಣ್ಣ ಗುಂಪು ಉಳಿದೇ ಉಳಿಯುತ್ತದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಮಾತನ್ನು ಹೇಗೆ ಹೇಳಬೇಕು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಭಾಷಾಶಾಸ್ತ್ರದಿಂದ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲಾರಿಡಾದ ವಿಮಾನವೊಂದು ರನ್‌ವೇ ಮೇಲೆ ಓಡತೊಡಗಿದಾಗ ಎಂಜಿನ್‌ನ ಅಳತೆ ಸರಿ ಕಾಣುತ್ತಿಲ್ಲವಲ್ಲ ಎಂದು ಸಹ ಪೈಲಟ್ ಹೇಳಿದರು. ಸರಿಯಿದೆ ಎಂದರು ಕ್ಯಾಪ್ಟನ್. ಸಹ ಪೈಲಟ್ ಇನ್ನೊಮ್ಮೆ ಹೇಳಿ, ಆಮೇಲೆ ತಾವೇ ಸಂದೇಹಕ್ಕೆ ಬಿದ್ದರು. ಹಿಮ ಕಟ್ಟಿದ ಸಂವೇದಕ ಸುಳ್ಳು ಅಳತೆ ತೋರಿಸುತ್ತಿತ್ತು. ವಿಮಾನ ಮೇಲೇರಲಾಗದೆ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು. ಅದೇ ಹೊತ್ತಿಗೆ ಷಾರ್ಲಟ್ ಲಿಂಡ್ ಎಂಬ ಭಾಷಾಶಾಸ್ತ್ರಜ್ಞೆ ತಮ್ಮ ಸಹೋದ್ಯೋಗಿಯೊಡನೆ ನಾಸಾಗಾಗಿ ಇಂಥ ಟೇಪುಗಳ ಮಾತನ್ನು ಸಾಲುಸಾಲಾಗಿ ಬಿಡಿಸಿ ನೋಡುತ್ತಿದ್ದರು. ಮೇಲಿನವರಿಗೆ ಹೇಳುವಾಗ ಕೆಳಗಿನವರು ಮಾತಿನ ಮೊನೆಯನ್ನು ತಾವೇ ಮೊಂಡು ಮಾಡುತ್ತಾರೆ, ಹಾಗೆ ಮೊಂಡಾದ ಮಾತನ್ನು ಕೇಳುವವರು ಕೈಬಿಡುವುದೇ ಹೆಚ್ಚು ಎಂದು ಅವರಿಗೆ ಸ್ಪಷ್ಟವಾಗಿ ಕಂಡಿತು.

ಇದರ ಮೇಲೆ ಕಟ್ಟಿದ್ದೇ ಮೆಟ್ಟಿಲು ಮೆಟ್ಟಿಲಾಗಿ ದನಿ ಏರಿಸುವ ಅಭ್ಯಾಸ. ಪೈಲಟ್ ಆಗಿದ್ದು ಮನಶ್ಶಾಸ್ತ್ರ ಓದಿದ ರಾಬರ್ಟ್ ಬೆಸ್ಕೋ 1990ರ ದಶಕದಲ್ಲಿ ಅದಕ್ಕೆ ನಾಲ್ಕು ಹಂತ ಕೊಟ್ಟರು. ನಮ್ಮ ಲೈನ್‌ಮನ್‌ಗಳ ಕೆಲಸಕ್ಕೆ ತಂದು ಹೇಳಿದರೆ ಹೀಗಿರುತ್ತದೆ. ಹಿರಿಯರು ವಿದ್ಯುತ್ ಕಂಬ ಹತ್ತಲು ಹೊರಟಿದ್ದಾರೆ. ಲೈನಿನ ಕರೆಂಟ್ ತೆಗೆದಿದೆ ಎಂದು ಸ್ಟೇಷನ್ ಕೊಡುವ ಅನುಮತಿಗೆ ಎಲ್.ಸಿ., ಅಂದರೆ ಲೈನ್ ಕ್ಲಿಯರ್, ಎನ್ನುತ್ತಾರೆ. ಕೆಳಗಿನ ಹುಡುಗ ಮೊದಲು ಕೇಳುತ್ತಾನೆ: "ಸಾರ್, ಈ ಲೈನಿಗೆ ಎಲ್.ಸಿ. ತಗೊಂಡಿದೀವಾ?" ಉತ್ತರ ಬಾರದಿದ್ದರೆ ಕಂಡದ್ದನ್ನು ಹೇಳುತ್ತಾನೆ: "ಸಾರ್, ಸ್ಟೇಷನ್ನಿಂದ ಇನ್ನೂ ಎಲ್.ಸಿ. ಕೊಟ್ಟಿಲ್ಲ. ಲೈನ್ ಚಾರ್ಜ್ ಇದೆ." ಆಗಲೂ ಹತ್ತುತ್ತಿದ್ದರೆ ಅಡ್ಡ ನಿಲ್ಲುತ್ತಾನೆ: "ಹತ್ತಿದ್ರೆ ಜೀವ ಹೋಗುತ್ತೆ ಸಾರ್. ಇಳೀರಿ." ನಾಲ್ಕನೆಯ ಹಂತದಲ್ಲಿ ಮಾತಿಲ್ಲ, ಏಣಿಗೆ ಕೈ ಹಾಕಿ ನಿಲ್ಲಿಸುವುದೇ. ಮೊದಲ ವಾಕ್ಯವನ್ನು ನಮ್ಮಲ್ಲಿ ಯಾರು ಬೇಕಾದರೂ ಆಡುತ್ತಾರೆ. ಮೂರನೆಯದನ್ನು ಅಭ್ಯಾಸವಿಲ್ಲದೆ ಆಡಲಾಗುವುದಿಲ್ಲ. ಹಿರಿಯರ ಎದುರು ತಗ್ಗಿದ ದನಿಯಲ್ಲೇ ಮಾತಾಡಿ ಬೆಳೆದವರಿಗೆ ಆ ಹೊತ್ತಿಗೆ ಗಂಟಲು ಕಟ್ಟುತ್ತದೆ. ಆದ್ದರಿಂದ ಅದನ್ನು ಅಪಾಯವಿಲ್ಲದ ದಿನ, ತರಬೇತಿಯ ಕೋಣೆಯಲ್ಲಿ, ಎದುರಿಗೆ ನಿಜವಾದ ಹಿರಿಯರನ್ನೇ ನಿಲ್ಲಿಸಿ ಜೋರಾಗಿ ಹೇಳಿಸಬೇಕು. ಹೇಳಿಸಿಕೊಳ್ಳುವ ಅಭ್ಯಾಸ ಆ ಹಿರಿಯರಿಗೂ ಅಷ್ಟೇ ಬೇಕು.

ಈ ತರಬೇತಿಯ ಬೆಲೆ ಜಗತ್ತಿಗೆ ಕಂಡ ದಿನ 1989ರ ಜುಲೈ 19. ಯುನೈಟೆಡ್‌ನದೇ ಡಿಸಿ-10 ವಿಮಾನ ಡೆನ್ವರ್‌ನಿಂದ ಶಿಕಾಗೋಗೆ ಹೋಗುತ್ತಿದ್ದಾಗ ಬಾಲದ ಎಂಜಿನ್‌ನ ತಟ್ಟೆ ಒಡೆದು, ಅದರ ಚೂರುಗಳು ಮೂರೂ ಹೈಡ್ರಾಲಿಕ್ ಕೊಳವೆಗಳನ್ನು ಕತ್ತರಿಸಿದವು. ಸ್ಟಿಯರಿಂಗ್ ಹಿಡಿದರೆ ಏನೂ ಅಲುಗುವುದಿಲ್ಲ. ಇಂಥ ಸ್ಥಿತಿಗೆ ಯಾವ ಕೈಪಿಡಿಯಲ್ಲೂ ಪುಟವಿರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ತಮಗೆ ದಾರಿ ತೋಚುತ್ತಿಲ್ಲವೆಂಬುದನ್ನು ಮುಚ್ಚಿಡದೆ ಎಲ್ಲರ ಮಾತನ್ನೂ ಕೇಳಿದರು. ಪ್ರಯಾಣಿಕರ ನಡುವೆ ಡೆನಿಸ್ ಫಿಚ್ ಎಂಬ ತರಬೇತಿ ಪೈಲಟ್ ಇದ್ದಾರೆಂದು ತಿಳಿದಾಗ ಅವರನ್ನೂ ಒಳಗೆ ಕರೆದರು. ಫಿಚ್ ಉಳಿದೆರಡು ಎಂಜಿನ್‌ಗಳ ವೇಗವನ್ನು ಏರಿಸಿ ಇಳಿಸಿ ವಿಮಾನವನ್ನು ತಿರುಗಿಸುತ್ತ ಹೋದರು. ಸುಮಾರು 44 ನಿಮಿಷ ನಾಲ್ವರೂ ಹೀಗೆ ಹೆಣಗಿ ಅಯೋವಾದ ಸೂ ಸಿಟಿಯ ರನ್‌ವೇ ಮುಟ್ಟಿದರು. ವಿಮಾನ ಮಗುಚಿ ಒಡೆಯಿತು. 296 ಜನರಲ್ಲಿ 112 ಮಂದಿ ತೀರಿಕೊಂಡರು, 184 ಮಂದಿ ಬದುಕಿದರು. ಆಮೇಲೆ ಸಿಮ್ಯುಲೇಟರ್‌ನಲ್ಲಿ ಅದೇ ಸ್ಥಿತಿಯನ್ನು ಎದುರಿಸಿ ನೋಡಿದ ಪೈಲಟ್‌ಗಳಿಗೆ ವಿಮಾನವನ್ನು ಸುರಕ್ಷಿತವಾಗಿ ಇಳಿಸಲಾಗಲಿಲ್ಲ. ಹೇನ್ಸ್ ತಮ್ಮ ಉಳಿದ ಬದುಕಿನುದ್ದಕ್ಕೂ ಊರೂರಿಗೆ ಹೋಗಿ ಈ ಕತೆ ಹೇಳಿದರು. ಕಾಕ್‌ಪಿಟ್‌ನಲ್ಲಿ ಕೂಡಿ 103 ವರ್ಷಗಳ ಹಾರಾಟದ ಅನುಭವ ಇತ್ತು, ಅದರಲ್ಲಿ ಒಂದು ನಿಮಿಷವೂ ಇಂಥ ಸ್ಥಿತಿಯದಲ್ಲ, ಹಾಗಿರುವಾಗ ನನ್ನೊಬ್ಬನಿಗೇ ಹೆಚ್ಚು ತಿಳಿಯುತ್ತದೆಂದು ಹೇಗೆ ಭಾವಿಸಲಿ ಎಂಬುದು ಅವರ ಮಾತಿನ ಸಾರ.

ಅದೇ ವರ್ಷ ಮಾರ್ಚ್‌ನಲ್ಲಿ ಕೆನಡಾದ ಡ್ರೈಡನ್‌ನಲ್ಲಿ ಒಂದು ವಿಮಾನ ರೆಕ್ಕೆಯ ಮೇಲೆ ಹಿಮ ಹೊತ್ತೇ ಮೇಲೇರಿ ಬಿದ್ದು 24 ಜನ ಸತ್ತಿದ್ದರು. ಗಗನಸಖಿಗೆ ಹಿಮ ಕಂಡಿತ್ತು. ಅದು ಪೈಲಟ್‌ಗಳ ವಿಷಯ, ನಾವು ಹೇಳಿದರೆ ಅವರಿಗೆ ಸರಿಬಾರದು ಎಂಬ ವಾತಾವರಣದಲ್ಲಿ ಅದು ಬಾಯಿಗೆ ಬರಲಿಲ್ಲ. ಆಮೇಲೆ ತರಬೇತಿಯ ಬಾಗಿಲು ಕ್ಯಾಬಿನ್ ಸಿಬ್ಬಂದಿಗೂ ತೆರೆಯಿತು. ಹಡಗುಗಳಿಗೆ, ಆಸ್ಪತ್ರೆಗಳಿಗೆ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ, ಕತ್ತಿ ಹಾಕುವ ಮುನ್ನ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕೆಂಬ ಸಾಲಿದೆ. ಹೆಸರು ಹೇಳಿ ಒಮ್ಮೆ ಬಾಯಿ ತೆರೆದ ನರ್ಸ್‌ಗೆ ಎರಡನೆಯ ಸಲ ತೆರೆಯುವುದು ಹಗುರ. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಆ ಪಟ್ಟಿಯನ್ನು ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು.

ಇಷ್ಟೆಲ್ಲ ತಿಳಿದ ಮೇಲೆ, 2010ರ ಮೇ 22ರ ಬೆಳಗಿನ ಜಾವ ಮಂಗಳೂರು.

ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಜನರಿದ್ದರು, ಹೆಚ್ಚಿನವರು ಊರಿಗೆ ಮರಳುತ್ತಿದ್ದ ಕರಾವಳಿಯ, ಕಾಸರಗೋಡಿನ ಜನ. ಎರಡು ಗಂಟೆಯ ಟೇಪಿನ ಮೊದಲ ಒಂದು ಗಂಟೆ 40 ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತೇ ಇಲ್ಲ, ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎಚ್ಚೆತ್ತು ಇಳಿಸತೊಡಗಿದಾಗ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ್ದು ಗುಡ್ಡದ ನೆತ್ತಿಯ ರನ್‌ವೇ, ಉದ್ದ 8033 ಅಡಿ, ಕೊನೆಯಲ್ಲಿ ಕಮರಿ. ಇಳಿಸಬೇಡಿ, ಮೇಲೆತ್ತಿ ಮತ್ತೊಂದು ಸುತ್ತು ಬರೋಣ ಎಂಬ ಅರ್ಥದ "ಗೋ ಅರೌಂಡ್" ಕರೆಯನ್ನು ಸಹ ಪೈಲಟ್ ಮೂರು ಸಲ ಕೊಟ್ಟರು. ಯಂತ್ರದ ಎಚ್ಚರಿಕೆಯೂ ಕೂಗುತ್ತಿತ್ತು. ವಿಮಾನ ರನ್‌ವೇಯ 5200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ಆಮೇಲೆ ಕ್ಯಾಪ್ಟನ್ ಮತ್ತೆ ಹಾರಲು ನೋಡಿದರು, ಆಗಲಿಲ್ಲ, ವಿಮಾನ ಕಮರಿಗೆ ಬಿತ್ತು. 158 ಜನ ಸತ್ತರು, ಬದುಕಿದವರು 8 ಜನ.

ಇಲ್ಲಿ ಸಹ ಪೈಲಟ್ ಹಿಂಜರಿಯಲಿಲ್ಲ, ಮೊನೆ ಮೊಂಡು ಮಾಡಲಿಲ್ಲ. ತರಬೇತಿ ಕಲಿಸಿದ ಸರಿಯಾದ ಶಬ್ದವನ್ನೇ ಸರಿಯಾದ ಹೊತ್ತಿಗೆ ಆಡಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ವರದಿ ಇದರ ಬಗ್ಗೆ ಹೇಳಿದ ಮಾತು ನನ್ನನ್ನು ಬಿಟ್ಟುಹೋಗಿಲ್ಲ. ಸಹ ಪೈಲಟ್ ತಾನೇ ಗೋ ಅರೌಂಡ್ ಮಾಡಬಹುದೇ ಎಂಬ ಬಗ್ಗೆ ನಿಯಮಗಳಲ್ಲಿ ಸ್ಪಷ್ಟತೆ ಇರಲಿಲ್ಲ, ಬಹುಶಃ ಅದಕ್ಕಾಗಿಯೇ ಅವರು ಮತ್ತೆಮತ್ತೆ ಹೇಳಿದರೇ ಹೊರತು ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ ಎನ್ನುತ್ತದೆ ವರದಿ. ಮೂರು ಮೆಟ್ಟಿಲು ಹತ್ತಿದವರಿಗೆ ನಾಲ್ಕನೆಯದು ತಮ್ಮದೋ ಅಲ್ಲವೋ ಎಂಬುದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಎರಡು ಸಲ ಹೇಳಿದರೂ ಉತ್ತರ ಬಾರದಿದ್ದರೆ ನಿಯಂತ್ರಣ ತೆಗೆದುಕೊಳ್ಳಬೇಕೆಂದು ಎಷ್ಟೋ ವಿಮಾನ ಕಂಪನಿಗಳು ನೇರವಾಗಿ ಬರೆದಿರುತ್ತವೆ. ಕಲಿಸುವುದು ತರಬೇತಿ ವಿಭಾಗದ ಕೆಲಸ, ಬರೆದುಕೊಡುವುದು ಆಡಳಿತದ ಕೆಲಸ. ಎರಡನೆಯದು ಆಗದೆ ಹೋದರೆ ಮೊದಲನೆಯದು ಎಷ್ಟು ಚೆನ್ನಾಗಿದ್ದರೂ ಒಬ್ಬ ಮನುಷ್ಯನನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿಬಿಡುತ್ತದೆ.

ಕಾರ್ಖಾನೆಗಳಲ್ಲೂ ಇದೇ ಅರ್ಧ ದಾರಿಯ ಕತೆ. ಭೋಪಾಲ್ ಅನಿಲ ದುರಂತದ ನಂತರ, 1987ರಲ್ಲಿ, ಆಗ ಜಾರಿಯಲ್ಲಿದ್ದ ನಮ್ಮ ಕಾರ್ಖಾನೆ ಕಾಯ್ದೆಗೆ 41ಎಚ್ ಎಂಬ ಕಲಂ ಸೇರಿಸಿದರು. ಅಪಾಯಕಾರಿ ಕೆಲಸದಲ್ಲಿರುವ ಕಾರ್ಮಿಕನಿಗೆ ಅನಾಹುತ ಹತ್ತಿರದಲ್ಲಿದೆ ಎಂಬ ಭಯ ಹುಟ್ಟಿದರೆ ಆತ ಅದನ್ನು ಮಾಲೀಕ, ಮ್ಯಾನೇಜರ್ ಅಥವಾ ಮೇಲ್ವಿಚಾರಕರ ಗಮನಕ್ಕೆ ತರಬಹುದಿತ್ತು, ಇನ್‌ಸ್ಪೆಕ್ಟರ್‌ಗೂ ತಿಳಿಸಬಹುದಿತ್ತು. ಅದು ನಿಜವೆಂದು ಮನವರಿಕೆಯಾದರೆ ಮಾಲೀಕ ಕೂಡಲೇ ಕ್ರಮ ಕೈಗೊಳ್ಳಬೇಕಿತ್ತು, ಮನವರಿಕೆಯಾಗದಿದ್ದರೆ ವಿಷಯವನ್ನು ಇನ್‌ಸ್ಪೆಕ್ಟರ್‌ಗೆ ಒಪ್ಪಿಸಬೇಕಿತ್ತು, ಅವರ ತೀರ್ಮಾನವೇ ಅಂತಿಮವಾಗಿತ್ತು. ಆ ತೀರ್ಮಾನ ಬರುವವರೆಗೆ ಯಂತ್ರದ ಸ್ವಿಚ್ಚಿಗೆ ಕಾರ್ಮಿಕ ತಾನೇ ಕೈ ಹಾಕಬಹುದೇ ಎಂಬುದರ ಬಗ್ಗೆ ಆ ಕಲಂನಲ್ಲಿ ಒಂದು ಮಾತೂ ಇರಲಿಲ್ಲ.